ಬೆಲ್ಜಿಯಂನ ಫಾಫ್, ಮಾಟುಂಗದ ನಾರಾಯಣ್

2021ರ ಆಗಸ್ಟ್ 5, ಗುರುವಾರ. ಅಂದು ಬೆಳಗ್ಗೆ ಟೋಕಿಯೋದಲ್ಲಿ ಭಾರತದ ಹಾಕಿ ತಂಡ ಜರ್ಮನಿಯನ್ನು 5-4ರಿಂದ ಸೋಲಿಸಿ, 41 ವರ್ಷಗಳ ಬಳಿಕ ಒಲಿಂಪಿಕ್ ಪದಕ ಗೆದ್ದಿತು. ಕೊನೆಯ ಕ್ಷಣಗಳಲ್ಲಿ ಜರ್ಮನಿಗೆ ದೊರೆತ ಪೆನಾಲ್ಟಿ ಕಾರ್ನರನ್ನು ತಡೆದ ಗೋಲ್‌ಕೀಪರ್ ಪಿ. ಆರ್. ಶ್ರೀಜೇಶ್ ಗೋಲುಗಂಬದ ಮೇಲೇರಿ ಕುಳಿತ ಚಿತ್ರ ಮಧ್ಯಾಹ್ನದ ಹೊತ್ತಿಗೆ ದೇಶದ ಎಲ್ಲ ಮೊಬೈಲುಗಳನ್ನೂ ತಲುಪಿತ್ತು. ನಮ್ಮ ಗೆಳೆಯರ ಬಳಗದಲ್ಲೂ ಅದನ್ನು ಹತ್ತಾರು ಮಂದಿ ಹಂಚಿಕೊಂಡರು. ಗೋಲು ಕಾಯುವವನಿಗೂ ಒಂದು ದಿನ ಬಂತಲ್ಲ ಎಂದು ನನಗೂ ಹಿಗ್ಗಾಯಿತು.

ಅದೇ ಗುರುವಾರ ಇನ್ನೊಬ್ಬ ಒಲಿಂಪಿಯನ್ ಗೋಲ್‌ಕೀಪರ್ ಹೃದಯಾಘಾತದಿಂದ ತೀರಿಕೊಂಡರು. ಅವರ ಹೆಸರು ಎಸ್. ಎಸ್. ನಾರಾಯಣ್. ಆಪ್ತರಿಗೆ ಬಾಬು ನಾರಾಯಣ್. ವಯಸ್ಸು 86. 1956ರ ಮೆಲ್ಬರ್ನ್ ಮತ್ತು 1960ರ ರೋಮ್ ಒಲಿಂಪಿಕ್ಸ್‌ಗಳಿಗೆ ಹೋದ ಭಾರತದ ಫುಟ್ಬಾಲ್ ತಂಡಗಳಲ್ಲಿ ಇದ್ದವರು. ಮಾಟುಂಗದ ಕ್ಲಬ್ಬುಗಳಲ್ಲಿ ಆಟ ಕಲಿತು ದೇಶದ ಗೋಲು ಕಾಯಲು ಹೋದವರು. ಆ ಸುದ್ದಿಯನ್ನು ನಮ್ಮ ಬಳಗದಲ್ಲಿ ಒಬ್ಬರು ಮಾತ್ರ ಹಾಕಿದರು. ಅದರ ಕೆಳಗೆ ಕೈಮುಗಿದ ಎರಡು ಚಿಹ್ನೆಗಳು ಬಂದವು, ಮತ್ತೆ ಶ್ರೀಜೇಶರ ಚಿತ್ರ ಬಂತು.

ಇದರಲ್ಲಿ ಯಾರ ತಪ್ಪೂ ಇಲ್ಲ. ಗೆದ್ದ ದಿನ ಗೆದ್ದವನನ್ನು ಕೊಂಡಾಡುವುದು ಸಹಜ. ಆದರೂ ಆ ಸಂಜೆ ನನ್ನನ್ನು ಕಾಡಿದ್ದು ಶ್ರೀಜೇಶರೂ ಅಲ್ಲ, ನಾರಾಯಣರೂ ಅಲ್ಲ. ಜಾನ್ ಮಾರಿ ಫಾಫ್ ಎಂಬ ಬೆಲ್ಜಿಯಂನ ಗೋಲ್‌ಕೀಪರ್. ಅದಕ್ಕೊಂದು ಕಾರಣವಿದೆ.

1986ರ ಜೂನ್ ತಿಂಗಳು. ಮೆಕ್ಸಿಕೋದಲ್ಲಿ ವಿಶ್ವಕಪ್. ಅಲ್ಲಿ ಸಂಜೆ ನಾಲ್ಕಕ್ಕೆ ಆರಂಭವಾಗುವ ಪಂದ್ಯ ಇಲ್ಲಿ ನಮಗೆ ಬೆಳಗಿನ ಜಾವ ಮೂರೂವರೆಗೆ. ಅರ್ಜೆಂಟೀನಾ ಮತ್ತು ಬೆಲ್ಜಿಯಂ ನಡುವಿನ ಉಪಾಂತ್ಯವನ್ನು ನಾನು ನೋಡಿದ್ದು ಮಾಟುಂಗದ ಹಳೆಯ ಕಟ್ಟಡವೊಂದರ ಎರಡನೆಯ ಮಹಡಿಯಲ್ಲಿ, ಹೋಟೆಲು ನಡೆಸುತ್ತಿದ್ದ ನೆರೆಮನೆಯ ಹಿರಿಯರೊಬ್ಬರ ಟಿವಿಯಲ್ಲಿ. ಹೋಟೆಲಿನವರಿಗೆ ಆ ಹೊತ್ತು ಹೇಗೂ ಏಳುವ ಹೊತ್ತು. ಹೊರಗೆ ಮಳೆ; ಒಳಗೆ ಹತ್ತು ಹನ್ನೆರಡು ಜನ. ಎಲ್ಲರೂ ಮರಡೋನಾ ನೋಡಲು ಬಂದವರು. ಆತ ಎರಡು ಗೋಲು ಹೊಡೆದ. ಎರಡನೆಯದಂತೂ ನಾಲ್ವರನ್ನು ದಾಟಿ ಹೊಡೆದದ್ದು. ನನ್ನ ಕಣ್ಣು ಮಾತ್ರ ಅತ್ತ ಗೋಲಿನಲ್ಲಿ ಬಿದ್ದು ಎದ್ದ ಗುಂಗುರು ಕೂದಲಿನ ಆ ಮನುಷ್ಯನ ಮೇಲೆ ನಿಂತಿತು. ಗೋಲು ಬಿಟ್ಟುಕೊಟ್ಟ ಮೇಲೂ ಆತನ ಮುಖದಲ್ಲಿ ಅವಮಾನವಿರಲಿಲ್ಲ. ಚೆಂಡನ್ನು ಬಲೆಯಿಂದ ತೆಗೆದು ಮಧ್ಯಕ್ಕೆ ಕಳುಹಿಸಿ ಮತ್ತೆ ತನ್ನ ಜಾಗದಲ್ಲಿ ನಿಂತ. ಪಂದ್ಯ ಮುಗಿಯುವಾಗ ನಾನು ಫಾಫ್‌ನ ಅಭಿಮಾನಿಯಾಗಿದ್ದೆ.

ಟಿವಿ ಆರಿಸುತ್ತ ಮನೆಯ ಹಿರಿಯರು ಹೇಳಿದರು: “ಅವನನ್ನು ಅಷ್ಟು ಹೊಗಳಬೇಡ ಮಾರಾಯ. ಒಲಿಂಪಿಕ್ಸಿನಲ್ಲಿ ಗೋಲು ಕಾದವರು ನಮ್ಮ ಮಾಟುಂಗದಲ್ಲೇ ಬೆಳೆದಿದ್ದಾರೆ. ಕೂಪರೇಜಿನಲ್ಲಿ ಅವರ ಆಟವನ್ನು ನಾನು ಟಿಕೆಟ್ ಕೊಟ್ಟು ನೋಡಿದ್ದೇನೆ. ಬೇಕಿದ್ದರೆ ಒಂದು ದಿನ ಕರೆದುಕೊಂಡು ಹೋಗಿ ಮಾತನಾಡಿಸುತ್ತೇನೆ.” ಪದಕ ಬಂದಿತ್ತೇ ಎಂದು ನಾನು ಕೇಳಿದೆ. “ಇಲ್ಲ, ನಾಲ್ಕನೆಯ ಸ್ಥಾನ” ಎಂದರು. ನಾನು ನಕ್ಕೆ. ಕಾಲೇಜಿನ ಹುಡುಗನ ನಗು ಅದು. ನಾಲ್ಕನೆಯ ಸ್ಥಾನವನ್ನೂ ಯಾರಾದರೂ ನೆನಪಿಟ್ಟುಕೊಳ್ಳುತ್ತಾರೆಯೇ ಎಂಬ ನಗು.

ಮೂರು ದಿನಗಳ ಬಳಿಕ, ಜೂನ್ 28ರಂದು, ಬೆಲ್ಜಿಯಂ ಮೂರನೆಯ ಸ್ಥಾನದ ಪಂದ್ಯದಲ್ಲಿ ಫ್ರಾನ್ಸಿಗೆ 4-2ರಿಂದ ಸೋತಿತು. ನಾಲ್ಕನೆಯ ಸ್ಥಾನ. ತಂಡ ಮನೆಗೆ ಮರಳಿದಾಗ ಬ್ರಸೆಲ್ಸಿನ ಮುಖ್ಯ ಚೌಕದಲ್ಲಿ ಕಾಲಿಡಲು ಜಾಗವಿರಲಿಲ್ಲ. ಪುರಭವನದ ಬಾಲ್ಕನಿಯಲ್ಲಿ ಆಟಗಾರರು ನಿಂತಿದ್ದರು, ಕೆಳಗೆ ಜನಸಾಗರ ಹಾಡುತ್ತಿತ್ತು. ಫಾಫ್ ಆ ಬಾಲ್ಕನಿಯಿಂದ ಇಳಿದು ಇಂದಿಗೂ ಮರೆಗೆ ಸರಿದಿಲ್ಲ ಎನ್ನಬೇಕು.

ಫಾಫ್‌ನ ಜನಪ್ರಿಯತೆಯನ್ನು ಗೆಲುವಿನ ಲೆಕ್ಕದಿಂದ ವಿವರಿಸಲಾಗದು. ಬೆವರೆನ್ ಎಂಬ ಪುಟ್ಟ ಪಟ್ಟಣದ ಕ್ಲಬ್ಬಿಗೆ ಆಡಿ 1979ರಲ್ಲಿ ಅದಕ್ಕೆ ರಾಷ್ಟ್ರೀಯ ಲೀಗ್ ಪ್ರಶಸ್ತಿ ಗೆದ್ದುಕೊಡುವಲ್ಲಿ ಆತನ ಪಾಲು ದೊಡ್ಡದು, ನಿಜ. ಬಯರ್ನ್ ಮ್ಯೂನಿಕ್‌ನಲ್ಲಿದ್ದ ಆರು ವರ್ಷಗಳಲ್ಲಿ ಮೂರು ಲೀಗ್ ಪ್ರಶಸ್ತಿಗಳೂ ಬಂದವು. ಆದರೆ ದೊಡ್ಡ ದಿನಗಳಲ್ಲಿ ಆತ ಸೋತದ್ದೇ ಹೆಚ್ಚು. 1980ರ ಯುರೋಪ್ ಕಪ್ ಅಂತಿಮ ಪಂದ್ಯ ಸಮಬಲದಲ್ಲಿ ಸಾಗಿ, ಮುಗಿಯಲು ಒಂದೆರಡು ನಿಮಿಷಗಳಿರುವಾಗ ಪಶ್ಚಿಮ ಜರ್ಮನಿಯ ಹ್ರುಬೆಶ್ ತಲೆಯಿಂದ ಹೊಡೆದ ಗೋಲಿಗೆ ಕೈತಪ್ಪಿತು. 1987ರ ಯುರೋಪಿಯನ್ ಕ್ಲಬ್ ಫೈನಲ್‌ನಲ್ಲಿ ಪೋರ್ಟೋದ ಮಾಜೆರ್ ಹಿಮ್ಮಡಿಯಿಂದ ತಟ್ಟಿದ ಚೆಂಡು ಬಯರ್ನ್‌ನ ಬಲೆ ಸೇರಿತು. ಅಲ್ಲಿಂದ ಪಂದ್ಯ ತಿರುಗಿತು. ಎಲ್ಲಕ್ಕಿಂತ ಹೆಚ್ಚು ಹೇಳಬೇಕಾದದ್ದು 1982ರ ಆಗಸ್ಟ್‌ನಲ್ಲಿ ಜರ್ಮನ್ ಲೀಗಿನ ಆತನ ಮೊದಲ ಪಂದ್ಯ. ಬ್ರೆಮೆನ್‌ನಲ್ಲಿ ಎದುರಾಳಿ ರೈಂಡರ್ಸ್ ಬದಿಗೆರೆಯಿಂದ ಕೈಯಲ್ಲಿ ಎಸೆದ ಚೆಂಡು ನೇರ ಗೋಲಿನತ್ತ ಬಂತು. ಕೈಯೆಸೆತದ ಚೆಂಡು ಯಾರನ್ನೂ ತಾಗದೆ ಗೋಲಿಗೆ ಹೋದರೆ ಗೋಲು ಅಲ್ಲ. ಬಿಟ್ಟುಬಿಟ್ಟಿದ್ದರೆ ಏನೂ ಆಗುತ್ತಿರಲಿಲ್ಲ. ಫಾಫ್ ಬೆರಳು ತಾಗಿಸಿದ, ಚೆಂಡು ಒಳಗೆ ಹೋಯಿತು, ಬಯರ್ನ್ 1-0ಯಿಂದ ಸೋತಿತು. ನಮ್ಮಲ್ಲಾಗಿದ್ದರೆ ಆ ಒಂದು ಬೆರಳಿಗಾಗಿ ಆತನನ್ನು ಜೀವನವಿಡೀ ಹಂಗಿಸುತ್ತಿದ್ದೆವು. 1982ರಲ್ಲೇ ದೆಹಲಿಯ ಏಷ್ಯಾಡ್ ಹಾಕಿ ಫೈನಲ್‌ನಲ್ಲಿ ಪಾಕಿಸ್ತಾನಕ್ಕೆ ಏಳು ಗೋಲು ಬಿಟ್ಟುಕೊಟ್ಟ ಮೀರ್ ರಂಜನ್ ನೇಗಿಯವರಿಗೆ ನಾವು ಏನು ಮಾಡಿದೆವು ಎಂಬುದನ್ನು ಬಲ್ಲವರು ಬಲ್ಲರು.

ಜರ್ಮನರು ಫಾಫ್‌ನನ್ನು ನೋಡಿ ನಕ್ಕರು, ಆತನೂ ನಕ್ಕ. ಅಲ್ಲಿಂದಲೇ ಆತನ ಜನಪ್ರಿಯತೆ ಬೆಳೆಯಿತು ಎಂಬುದು ನನ್ನ ಎಣಿಕೆ. ಮೆಕ್ಸಿಕೋದ ಜನ ಆತನಿಗೆ ‘ಎಲ್ ಸಿಂಪಾಟಿಕೋ’, ಅಂದರೆ ಎಲ್ಲರಿಗೂ ಬೇಕಾದವನು ಎಂಬ ಹೆಸರಿಟ್ಟರು. ಕ್ವಾರ್ಟರ್‌ಫೈನಲ್‌ನಲ್ಲಿ ಸ್ಪೇನಿನ ಎಲಾಯ್ ಹೊಡೆದ ಪೆನಾಲ್ಟಿಯನ್ನು ತಡೆದು ಬೆಲ್ಜಿಯಂ ಅನ್ನು ಉಪಾಂತ್ಯಕ್ಕೆ ಕರೆದೊಯ್ದದ್ದು ಆ ಹೆಸರಿಗೆ ಮೆರುಗು ಕೊಟ್ಟಿತು. 1987ರಲ್ಲಿ ಫುಟ್ಬಾಲ್ ಇತಿಹಾಸಕಾರರ ಅಂತಾರಾಷ್ಟ್ರೀಯ ಒಕ್ಕೂಟ ವಿಶ್ವದ ಅತ್ಯುತ್ತಮ ಗೋಲ್‌ಕೀಪರ್ ಎಂಬ ಗೌರವವನ್ನು ಆರಂಭಿಸಿದಾಗ ಮೊದಲು ಅದು ಸಂದದ್ದು ಈತನಿಗೆ. ನಿವೃತ್ತಿಯ ಬಳಿಕದ ಕಥೆ ಇನ್ನೂ ವಿಚಿತ್ರ. 2002ರಿಂದ ಹತ್ತು ವರ್ಷ ಬೆಲ್ಜಿಯಂನ ಟಿವಿಯಲ್ಲಿ ಆತನ ಮನೆಯೇ ಒಂದು ಧಾರಾವಾಹಿಯಾಯಿತು. ಹೆಂಡತಿ, ಮೂವರು ಹೆಣ್ಣುಮಕ್ಕಳು, ಅಳಿಯಂದಿರು, ಅಡುಗೆಮನೆಯ ಜಗಳ ಎಲ್ಲವನ್ನೂ ದೇಶ ಕುಳಿತು ನೋಡಿತು. ಫಾಫ್ ಚೆಂಡು ಹಿಡಿದದ್ದನ್ನು ಎಂದೂ ಕಾಣದ ಮಕ್ಕಳಿಗೂ ಆತ ಪರಿಚಿತನಾದ.

ಇದು ನನಗೆ ಪೂರ್ತಿ ಒಪ್ಪಿಗೆಯೆಂದು ಹೇಳಲಾರೆ. ಆಟಗಾರನೊಬ್ಬ ತನ್ನ ಅಡುಗೆಮನೆಯನ್ನು ಮಾರಬೇಕಾದ ಸ್ಥಿತಿಯೂ ಗೌರವದ್ದಲ್ಲ. ಫಾಫ್‌ನ ಬಳಿಕ ಬಂದ ಮಿಷೆಲ್ ಪ್ರೂದಮ್‌ನನ್ನು ಎದುರಿಗಿಟ್ಟು ನೋಡಿದರೆ ಜನಪ್ರಿಯತೆ ಬೇರೆ, ಬಿಟ್ಟುಹೋಗುವ ಆಸ್ತಿ ಬೇರೆ ಎಂಬುದು ಕಾಣುತ್ತದೆ. ಫಾಫ್ ಡಚ್ ಮಾತಾಡುವ ಫ್ಲಾಂಡರ್ಸಿನವನು, ಪ್ರೂದಮ್ ಫ್ರೆಂಚ್ ಮಾತಾಡುವ ಲಿಯೇಜ್ ಕಡೆಯವನು. ಅಷ್ಟೇನೂ ಮಾತಿನವನಲ್ಲ. 1994ರ ವಿಶ್ವಕಪ್‌ನಲ್ಲಿ ಅತ್ಯುತ್ತಮ ಗೋಲ್‌ಕೀಪರ್‌ಗೆಂದು ಮೊದಲ ಬಾರಿ ಇಟ್ಟ ಲೆವ್ ಯಾಷಿನ್ ಪ್ರಶಸ್ತಿ ಆತನದಾಯಿತು. ಆದರೂ ಅದೇ ಕೂಟದಲ್ಲಿ ಸೌದಿ ಅರೇಬಿಯಾದ ಒವೈರಾನ್ ಮೈದಾನದ ಅರ್ಧಕ್ಕೂ ಹೆಚ್ಚು ದೂರ ಓಡಿ ಬಂದು ಹೊಡೆದ ಗೋಲಿನಿಂದಲೇ ಹೆಚ್ಚಿನವರು ಆತನನ್ನು ಗುರುತಿಸುತ್ತಾರೆ. 2004ರಲ್ಲಿ ಪೆಲೆ ಬದುಕಿರುವ ಶ್ರೇಷ್ಠ ಆಟಗಾರರ ಪಟ್ಟಿ ಮಾಡಿದಾಗ ಫಾಫ್ ಹೆಸರಿತ್ತು, ಪ್ರೂದಮ್ ಹೆಸರಿರಲಿಲ್ಲ. ಆದರೆ ತರಬೇತುದಾರನಾಗಿ 2008ರಲ್ಲಿ ಸ್ಟ್ಯಾಂಡರ್ಡ್ ಲಿಯೇಜ್‌ಗೆ 25 ವರ್ಷಗಳ ಬಳಿಕ ಲೀಗ್ ಪ್ರಶಸ್ತಿ ತಂದವನು ಪ್ರೂದಮ್. 2016ರಲ್ಲಿ ಭಾಷೆಯ ಗಡಿ ದಾಟಿ ಹೋಗಿ ಫ್ಲೆಮಿಶ್ ಜನರ ಬ್ರೂಜ್ ಕ್ಲಬ್ಬಿಗೂ ಅದನ್ನೇ ಮಾಡಿಕೊಟ್ಟ. 2018ರಲ್ಲಿ ಕೂರ್ತ್ವಾ ವಿಶ್ವಕಪ್‌ನ ಗೋಲ್ಡನ್ ಗ್ಲೋವ್ ಪಡೆದು, ಬೆಲ್ಜಿಯಂ ಮೂರನೆಯ ಸ್ಥಾನದೊಂದಿಗೆ ಮರಳಿದಾಗ ಅದೇ ಚೌಕ ಮತ್ತೆ ತುಂಬಿತು. ಒಬ್ಬನನ್ನು ನೋಡಿ ಇನ್ನೊಬ್ಬ ಕಲಿತ, ನಗಿಸಿದವನನ್ನೂ ಕಲಿಸಿದವನನ್ನೂ ಆ ದೇಶ ಕೈಬಿಡಲಿಲ್ಲ.

ಈಗ ಮಾಟುಂಗಕ್ಕೆ ಬರೋಣ. 1956ರ ಡಿಸೆಂಬರ್ 1ರಂದು ಮೆಲ್ಬರ್ನಿನಲ್ಲಿ ಭಾರತ ಆತಿಥೇಯ ಆಸ್ಟ್ರೇಲಿಯಾವನ್ನು 4-2ರಿಂದ ಸೋಲಿಸಿ ಒಲಿಂಪಿಕ್ ಫುಟ್ಬಾಲಿನ ಉಪಾಂತ್ಯ ತಲುಪಿತು. ಏಷ್ಯಾದ ಯಾವ ದೇಶವೂ ಅಲ್ಲಿಯವರೆಗೆ ತಲುಪಿರದ ಎತ್ತರ ಅದು. ಮೂರು ಗೋಲು ಹೊಡೆದ ನೆವಿಲ್ ಡಿಸೋಜಾ ನಮ್ಮ ಮುಂಬಯಿಯವರು. ತರಬೇತುದಾರ ಹೈದರಾಬಾದಿನ ಸೈಯದ್ ಅಬ್ದುಲ್ ರಹೀಂ. ಕನ್ನಡನಾಡಿನ ಕೆಂಪಯ್ಯ ಆ ತಂಡದಲ್ಲಿದ್ದರು. ಗೋಲ್‌ಕೀಪರುಗಳಾಗಿ ಹೋದವರು ಪೀಟರ್ ತಂಗರಾಜ್ ಮತ್ತು ನಾರಾಯಣ್. ಉಪಾಂತ್ಯದಲ್ಲಿ ಯುಗೊಸ್ಲಾವಿಯಾ 4-1ರಿಂದ ಗೆದ್ದಿತು; ಕಂಚಿನ ಪಂದ್ಯದಲ್ಲಿ ಬಲ್ಗೇರಿಯಾ 3-0ಯಿಂದ. ನಾಲ್ಕನೆಯ ಸ್ಥಾನ. ಭಾರತದ ಫುಟ್ಬಾಲ್ ಒಲಿಂಪಿಕ್ಸ್‌ನಲ್ಲಿ ಅದರಾಚೆ ಹೋಗಿಲ್ಲ. 1960ರ ಬಳಿಕ ಒಲಿಂಪಿಕ್ಸ್‌ಗೇ ಹೋಗಿಲ್ಲ.

ಬೆಲ್ಜಿಯಂಗೆ ನಾಲ್ಕನೆಯ ಸ್ಥಾನ ಒಂದು ಪೀಳಿಗೆಯ ಹಬ್ಬ. ನಮಗೆ ಅದು ಪದಕ ತಪ್ಪಿದ ಕತೆ. ಆಗ ಟಿವಿ ಇರಲಿಲ್ಲ, ಯಾರೂ ನೋಡಲಿಲ್ಲ ಎನ್ನುವವರಿದ್ದಾರೆ. ಅದು ಅರ್ಧ ಸತ್ಯ ಮಾತ್ರ. ಹಾಕಿಯ ಧ್ಯಾನ್‌ಚಂದ್‌ರನ್ನು ಆಡುವಾಗ ನೋಡಿದವರು ಇಂದು ಎಷ್ಟು ಜನ ಉಳಿದಿದ್ದಾರೆ? ಹೇಳಿ ಹೇಳಿ ಉಳಿಸಿಕೊಂಡಿದ್ದೇವೆ. ಹೇಳುವವರಿದ್ದರೆ ನೋಡದವರಿಗೂ ಕಾಣುತ್ತದೆ. ಯಕ್ಷಗಾನದ ಹಳೆಯ ವೇಷಧಾರಿಗಳನ್ನು ನಾವು ಯಾರು ನೋಡಿದ್ದೇವೆ? ಆದರೂ ಅವರ ಪ್ರವೇಶ ಹೇಗಿರುತ್ತಿತ್ತು ಎಂದು ಮುಂಬಯಿಯ ಹೋಟೆಲುಗಳ ಹಿತ್ತಿಲಲ್ಲಿ ಕುಳಿತು ರಾತ್ರಿಯಿಡೀ ಮಾತನಾಡಬಲ್ಲ ಹಿರಿಯರನ್ನು ನಾನು ಬಲ್ಲೆ.

ನಾರಾಯಣರದು ಕೇರಳ ಮೂಲ. ಬೆಳೆದದ್ದು, ಆಡಿದ್ದು, ಬಾಳಿದ್ದು ಈ ನಗರದಲ್ಲಿ. ಮಾಟುಂಗದ ತಂಡಗಳಿಂದ ಕಾಲ್ಟೆಕ್ಸ್‌ಗೆ, ಅಲ್ಲಿಂದ ಟಾಟಾ ತಂಡಕ್ಕೆ ಹೋದರು. ಸಂತೋಷ್ ಟ್ರೋಫಿಯಲ್ಲಿ ಮಹಾರಾಷ್ಟ್ರಕ್ಕೆ ಗೋಲು ಕಾದರು. 1963-64ರಲ್ಲಿ ಮಹಾರಾಷ್ಟ್ರ ಆ ಟ್ರೋಫಿ ಗೆದ್ದಿತು. ಬ್ಯಾಸ್ಕೆಟ್‌ಬಾಲನ್ನೂ ಚೆನ್ನಾಗಿ ಆಡುತ್ತಿದ್ದರು. ಮಾಟುಂಗದಲ್ಲಿ ಬೆಳೆದವರಿಗೆ ಇದು ಆಶ್ಚರ್ಯವಲ್ಲ, ಇಲ್ಲಿನ ಜಿಮ್‌ಖಾನಾಗಳ ಅಂಗಳದಲ್ಲಿ ಆ ಆಟಕ್ಕೆ ಹಳೆಯ ನೆಲೆಯಿದೆ. ಎತ್ತರದ ಚೆಂಡನ್ನು ಗುಂಪಿನ ನಡುವೆ ಜಿಗಿದು ಎರಡು ಕೈಯಲ್ಲಿ ಕಿತ್ತುಕೊಳ್ಳುವ ಕಲೆಗೆ ಬ್ಯಾಸ್ಕೆಟ್‌ಬಾಲಿಗಿಂತ ಒಳ್ಳೆಯ ಪಾಠಶಾಲೆ ಇರಲಾರದು. ಎರಡು ಒಲಿಂಪಿಕ್ಸ್‌ಗಳಿಗೆ ಹೋಗಿಬಂದ ಇವರಿಗೆ ಅರ್ಜುನ ಪ್ರಶಸ್ತಿ ಬರಲಿಲ್ಲ. ಗೋಲ್‌ಕೀಪರುಗಳ ಪೈಕಿ ಅದನ್ನು ಮೊದಲು ಪಡೆದವರು ತಂಗರಾಜ್, 1967ರಲ್ಲಿ. ಇನ್ನೊಬ್ಬ ಫುಟ್ಬಾಲ್ ಗೋಲ್‌ಕೀಪರ್‌ಗೆ ಅದು ಸಂದದ್ದು 30 ವರ್ಷಗಳ ಮೇಲೆ, 1997ರಲ್ಲಿ, ಗೋವೆಯ ಬ್ರಹ್ಮಾನಂದ ಶಂಖವಾಳ್ಕರ್‌ಗೆ. ಗೋಲು ಹೊಡೆಯುವವರನ್ನು ನೋಡುವ ಕಣ್ಣೇ ಗೋಲು ತಡೆಯುವವರನ್ನೂ ನೋಡಬೇಕೆಂದೇನೂ ಇಲ್ಲವಲ್ಲ. ದೇವಸ್ಥಾನದ ದ್ವಾರಪಾಲಕರಿಗೂ ಇದೇ ಪಾಡು. ಎಲ್ಲರಿಗಿಂತ ಮೊದಲು ಎದುರಾಗುವವರು ಅವರೇ, ಆದರೆ ಬಂದವರ ಕಣ್ಣು ಅವರ ಹೆಗಲ ಮೇಲಿಂದ ಗರ್ಭಗುಡಿಗೆ ಹೋಗುತ್ತದೆ.

ನಾನು ಹೇಳಹೊರಟದ್ದು ಗೋಲ್‌ಕೀಪರನ ಈ ಸಾಮಾನ್ಯ ಪಾಡನ್ನಲ್ಲ. ನಾರಾಯಣರನ್ನು ಮರೆಯಲು ಇನ್ನೊಂದು ಕಾರಣವಿತ್ತು, ಅದು ನಮ್ಮ ಬುಡಕ್ಕೇ ಸಂಬಂಧಿಸಿದ್ದು. ಅವರು ಯಾರವರು? ಕೇರಳದ ಫುಟ್ಬಾಲ್ ತನ್ನ ಹೆಮ್ಮೆಯ ಹೆಸರುಗಳನ್ನು ಎಣಿಸುವಾಗ ಕೇರಳಕ್ಕೆ ಆಡಿದವರಿಂದ ಆರಂಭಿಸುತ್ತದೆ. ಮಹಾರಾಷ್ಟ್ರ ತನ್ನವರನ್ನು ಎಣಿಸುವಾಗ ಮಾಟುಂಗದ ದಕ್ಷಿಣದವರ ಮನೆಬಾಗಿಲಿಗೆ ಬರುವುದು ತಡವಾಗಿ. ಹುಟ್ಟಿದ ನಾಡಿಗೆ ಆತ ಹೊರಗೆ ಹೋದವನು, ನೆಲೆಸಿದ ನಾಡಿಗೆ ಹೊರಗಿನಿಂದ ಬಂದವನು. ಎರಡೂ ಕಡೆಯ ಪಟ್ಟಿಗಳಲ್ಲಿ ಅವನ ಹೆಸರು ಅಂಚಿನಲ್ಲಿ, ಇಲ್ಲವೇ ಅಂಚಿನಿಂದಾಚೆ. 1972ರ ಮ್ಯೂನಿಕ್‌ನಲ್ಲಿ ಕಂಚು ಗೆದ್ದ ಹಾಕಿ ಗೋಲ್‌ಕೀಪರ್ ಮ್ಯಾನ್ಯುಯೆಲ್ ಫ್ರೆಡರಿಕ್ ಕಣ್ಣೂರಿನವರು, ಬದುಕು ಕಟ್ಟಿಕೊಂಡದ್ದು ಬೆಂಗಳೂರಿನಲ್ಲಿ. ಅವರಿಗೆ ಧ್ಯಾನ್‌ಚಂದ್ ಪ್ರಶಸ್ತಿ ಬಂದದ್ದು 2019ರಲ್ಲಿ, ಪದಕದ 47 ವರ್ಷಗಳ ಬಳಿಕ. ನಡುವಿನ ವರ್ಷಗಳಲ್ಲಿ ಅವರ ಪರವಾಗಿ ಮೊದಲು ಬಾಯಿ ತೆರೆಯಬೇಕಾಗಿದ್ದವರು ಕೇರಳದವರೋ ಕರ್ನಾಟಕದವರೋ? ಹೊರನಾಡಿನಲ್ಲಿ ಬಾಳುವ ನಮಗೆ ಈ ಪ್ರಶ್ನೆಯ ಮೊನೆ ಗೊತ್ತಾಗುತ್ತದೆ.

ನಮ್ಮವರದೇ ಉದಾಹರಣೆ ಬೇಕಾದರೆ ಎಂಟು ವರ್ಷ ಹಿಂದೆ ಹೋಗಬೇಕು. 1948ರ ಲಂಡನ್ ಒಲಿಂಪಿಕ್ಸ್‌ಗೆ ಹೋದ ಭಾರತದ ತಂಡದಲ್ಲಿ ಇಬ್ಬರು ಗೋಲ್‌ಕೀಪರುಗಳಿದ್ದರು: ಕೆ. ವಿ. ವರದರಾಜ್ ಮತ್ತು ಸಂಜೀವ ಉಚ್ಚಿಲ್. ವರದರಾಜ್ ಬೆಂಗಳೂರಿನವರು. ಉಚ್ಚಿಲ್ ಮುಂಬಯಿಯಿಂದ ಆಯ್ಕೆಯಾದವರು. ಹೆಸರೇ ಕರಾವಳಿಯನ್ನು ಹೇಳುತ್ತದೆ. ಉಡುಪಿ ಜಿಲ್ಲೆಯಲ್ಲಿ ಒಂದು ಉಚ್ಚಿಲವಿದೆ, ಮಂಗಳೂರಿನ ದಕ್ಷಿಣಕ್ಕೆ ಇನ್ನೊಂದು. ಸ್ವತಂತ್ರ ಭಾರತ ಒಲಿಂಪಿಕ್ ಫುಟ್ಬಾಲಿಗೆ ಮೊದಲ ಬಾರಿ ಕಳುಹಿಸಿದ ಇಬ್ಬರು ಗೋಲು ಕಾಯುವವರಲ್ಲಿ ಒಬ್ಬರು ಬೆಂಗಳೂರಿನವರು, ಇನ್ನೊಬ್ಬರು ಕರಾವಳಿಯ ಹೆಸರಿನ ಮುಂಬಯಿಗರು ಎಂಬ ಸಂಗತಿಯನ್ನು ಎಷ್ಟು ಸಭೆಗಳಲ್ಲಿ ಕೇಳಿದ್ದೇವೆ?

ಆ ವರ್ಷ ಜುಲೈ 31ರಂದು ಲಂಡನ್ ಸಮೀಪದ ಇಲ್‌ಫರ್ಡ್‌ನಲ್ಲಿ ಭಾರತ ಆಡಿದ್ದು ಒಂದೇ ಪಂದ್ಯ, ಫ್ರಾನ್ಸಿನೆದುರು. ನಮ್ಮ ಬಹುಪಾಲು ಆಟಗಾರರು ಬರಿಗಾಲಿನಲ್ಲಿದ್ದರು. ಎರಡು ಪೆನಾಲ್ಟಿಗಳು ವ್ಯರ್ಥವಾದವು. ಬೆಂಗಳೂರಿನ ಸಾರಂಗಪಾಣಿ ರಾಮನ್ 70ನೆಯ ನಿಮಿಷದಲ್ಲಿ ಗೋಲು ಹೊಡೆದು ಸಮ ಮಾಡಿದರು. 89ನೆಯ ನಿಮಿಷದಲ್ಲಿ ಫ್ರಾನ್ಸ್ ಎರಡನೆಯ ಗೋಲು ಹೊಡೆದು ಗೆದ್ದಿತು. ಬರಿಗಾಲಿನ ಮಾತು ಎಲ್ಲರಿಗೂ ಗೊತ್ತು, ತಪ್ಪಿದ ಪೆನಾಲ್ಟಿಗಳ ಮಾತೂ ಗೊತ್ತು. ಬೂಟು ತೊಟ್ಟ ಫ್ರೆಂಚರನ್ನು 88 ನಿಮಿಷ ಒಂದೇ ಗೋಲಿಗೆ ನಿಲ್ಲಿಸಿದ ವರದರಾಜರ ಮಾತು ಬರುವುದಿಲ್ಲ. ಫಾಫ್‌ಗೂ ಹೀಗೆಯೇ ಕೊನೆಯ ಗಳಿಗೆಯಲ್ಲಿ ಕೈತಪ್ಪಿತ್ತಲ್ಲ. ಅಲ್ಲಿ ಅದು ಆತನ ಕತೆಯ ಭಾಗವಾಯಿತು, ಇಲ್ಲಿ ವರದರಾಜರಿಗೆ ಕತೆಯೇ ಇಲ್ಲ. ಉಚ್ಚಿಲರಂತೂ ಮೈದಾನಕ್ಕೆ ಇಳಿಯಲಿಲ್ಲ. ಅಂಚಿನಲ್ಲಿ ಕುಳಿತು ನೋಡಿದ ಎರಡನೆಯ ಗೋಲ್‌ಕೀಪರ್ ಅವರು. ಬೆಂಗಳೂರಿನ ಒಲಿಂಪಿಯನ್ನರನ್ನು ಕೊಂಡಾಡುವಾಗ ಅಹಮದ್ ಖಾನ್, ರಾಮನ್, ವರದರಾಜ್ ಎಂದು ಬೆರಳು ಮಡಿಸುತ್ತೇವೆ. ಉಚ್ಚಿಲರಿಗೆ ಅಲ್ಲಿ ಬೆರಳಿಲ್ಲ, ಅವರು ಮುಂಬಯಿಯವರಾದರು.

ಬೆಂಗಳೂರಿಗೂ ಮುಂಬಯಿಗೂ ಫುಟ್ಬಾಲಿನ ನಂಟು ಹೊಸದೇನಲ್ಲ. ಗೋರಾ ಪಲ್ಟನ್‌ಗಳ ಸೊತ್ತಾಗಿದ್ದ ರೋವರ್ಸ್ ಕಪ್ಪನ್ನು 1937ರಲ್ಲಿ ಮುಂಬಯಿಗೆ ಬಂದು ಗೆದ್ದು, ಮರುವರ್ಷ ಮತ್ತೆ ಗೆದ್ದದ್ದು ಬ್ಯಾಂಗಲೋರ್ ಮುಸ್ಲಿಮ್ಸ್ ತಂಡ. ಮೈಸೂರು ರಾಜ್ಯ ಬಂಗಾಳವನ್ನು ಸೋಲಿಸಿ ಸಂತೋಷ್ ಟ್ರೋಫಿ ಪಡೆದದ್ದು 1946-47ರಲ್ಲಿ. 1968-69ರ ಬಳಿಕ ಮತ್ತೆ ಅದನ್ನು ಕಾಣಲು ಕರ್ನಾಟಕ 2023ರ ಮಾರ್ಚ್‌ವರೆಗೆ ಕಾಯಬೇಕಾಯಿತು. ಆ ಗೆಲುವೂ ಹೊರನಾಡಿನಲ್ಲೇ, ರಿಯಾದ್‌ನಲ್ಲಿ. ಅದೇ ವರ್ಷ ಜುಲೈನಲ್ಲಿ ಬೆಂಗಳೂರಿನ ಕಂಠೀರವ ಕ್ರೀಡಾಂಗಣದಲ್ಲಿ ಕುವೈತ್ ಎದುರಿನ ಪೆನಾಲ್ಟಿಯೊಂದನ್ನು ತಡೆದು ಗುರ್‌ಪ್ರೀತ್ ಸಿಂಗ್ ಸಂಧು ಸ್ಯಾಫ್ ಕಪ್ ತಂದುಕೊಟ್ಟಾಗ ತುಂಬಿದ ಮೈದಾನ ಆ ಪಂಜಾಬಿಯನ್ನು ತನ್ನವನೆಂದೇ ಕೂಗಿತು. ವರ್ಷಗಳಿಂದ ಬೆಂಗಳೂರಿನ ಕ್ಲಬ್ಬಿಗೆ ಆಡುವವನು, ಇಲ್ಲಿಯವನೇ ಎಂಬ ಭಾವ. ಅಂಥ ಭಾವ ಒಂದು ಊರಿಗೆ ಸಾಧ್ಯವೆಂದಾದರೆ, ಮಾಟುಂಗದ ಕನ್ನಡಿಗರಿಗೆ ಮಾಟುಂಗದ ನಾರಾಯಣ್ ನಮ್ಮವರು ಎನ್ನಲು ಏನು ಅಡ್ಡಿಯಿತ್ತು?

ಅಡ್ಡಿ ಎಲ್ಲಿತ್ತೆಂದು ಯೋಚಿಸಿದ್ದೇನೆ. ಮುಂಬಯಿ ಕನ್ನಡಿಗರು ಮರೆಗುಳಿಗಳಲ್ಲ. 1926ರಲ್ಲಿ ಆರಂಭವಾದ ಮೈಸೂರು ಅಸೋಸಿಯೇಷನ್, 1933ರಲ್ಲಿ ಹುಟ್ಟಿದ ಕರ್ನಾಟಕ ಸಂಘ, ಇವುಗಳ ಸುತ್ತ ಈ ಪರಿಸರದಲ್ಲಿ ನಡೆದಿರುವ ಕೆಲಸ ಒಳನಾಡಿನ ಎಷ್ಟೋ ಊರುಗಳಿಗೆ ಮಾದರಿ. ಹೋಟೆಲಿನಲ್ಲಿ ಲೋಟ ತೊಳೆದು ರಾತ್ರಿಶಾಲೆಯಲ್ಲಿ ಓದಿದವರು ಇಲ್ಲಿ ಗ್ರಂಥಮಾಲೆಗಳನ್ನು ಕಟ್ಟಿದ್ದಾರೆ, ನಾಟಕ ಆಡಿಸಿದ್ದಾರೆ. ಚಿತ್ತಾಲರನ್ನೂ ವ್ಯಾಸರಾಯ ಬಲ್ಲಾಳರನ್ನೂ ಮುಂಬಯಿಯ ಲೇಖಕರೆಂದು ಹೇಳಿಕೊಳ್ಳಲು ನಮಗೆ ಯಾವ ಸಂಕೋಚವೂ ಇಲ್ಲ. ಅವರು ಎಲ್ಲಿ ಹುಟ್ಟಿದರೆಂದು ಕೇಳಿ ಅವರನ್ನು ಆಚೆ ತಳ್ಳುವುದಿಲ್ಲ. ಆದರೆ ನಮ್ಮ ನೆನಪಿಗೆ ಅಕ್ಷರ ಬೇಕು, ಇಲ್ಲವೇ ರಾಗ ಬೇಕು. ಬೆವರಿನ ಆಟಕ್ಕೆ ಅಲ್ಲಿ ಜಾಗ ಕಡಿಮೆ. ಆಟವೆಂದರೆ ಮಕ್ಕಳದು, ಬುದ್ಧಿ ಬಂದ ಮೇಲೆ ಬಿಡಬೇಕಾದದ್ದು ಎಂಬ ಮಧ್ಯಮವರ್ಗದ ಹಳೆಯ ನಂಬಿಕೆ ಇದರ ಹಿಂದಿದೆ. ಕ್ರಿಕೆಟ್ ಮಾತ್ರ ಇದರಿಂದ ತಪ್ಪಿಸಿಕೊಂಡಿತು, ಅದರಲ್ಲಿ ಹಣವೂ ಇಂಗ್ಲಿಷೂ ಇದ್ದವು. ಫುಟ್ಬಾಲ್ ಕೂಲಿಕಾರರ, ಬಂದರಿನವರ, ರೈಲ್ವೆಯವರ ಆಟವಾಗಿ ಉಳಿಯಿತು.

ಸನ್ಮಾನ ಮಾಡಬೇಕಿತ್ತು ಎಂಬುದು ನನ್ನ ದೂರಲ್ಲ. ಶಾಲು, ಹಾರ, ಫಲಪುಷ್ಪ, ಐದು ಜನರ ಭಾಷಣ ಎಲ್ಲ ಮುಗಿದ ಮೇಲೆ ಸನ್ಮಾನಿತನಿಗೆ ಎರಡು ನಿಮಿಷ: ಈ ಪದ್ಧತಿಯನ್ನು ನಾರಾಯಣರು ತಪ್ಪಿಸಿಕೊಂಡದ್ದೇ ಒಳ್ಳೆಯದಾಯಿತೋ ಏನೋ. ಬೇಕಾಗಿದ್ದದ್ದು ಬೇರೆ. ಒಂದು ಸಂಜೆ ಅವರನ್ನು ಕೂರಿಸಿ, ಮೆಲ್ಬರ್ನಿಗೆ ಹೇಗೆ ಹೋದಿರಿ, ರಹೀಂ ಸಾಹೇಬರು ಏನು ಹೇಳಿಕೊಡುತ್ತಿದ್ದರು, ಎರಡು ಒಲಿಂಪಿಕ್ಸ್‌ಗಳಲ್ಲಿ ತಂಗರಾಜರಂಥ ದೈತ್ಯನ ಜೊತೆಗೆ ಅದೇ ಒಂದು ಜಾಗಕ್ಕಾಗಿ ಕಾಯುವುದು ಹೇಗಿರುತ್ತದೆ ಎಂದು ಕೇಳಿ ಬರೆದುಕೊಳ್ಳಬೇಕಿತ್ತು. ಸಾಹಿತಿಗಳನ್ನು ಹೀಗೆ ಕೂರಿಸಿ ಕೇಳಿದ ಪುಸ್ತಕಗಳು ನಮ್ಮಲ್ಲಿವೆ. ಹೇಗೆ ಕೇಳಬೇಕೆಂಬುದು ಗೊತ್ತಿಲ್ಲದವರಲ್ಲ ನಾವು. ಹನ್ನೊಂದು ಜನರ ಆಟದಲ್ಲಿ ಇತರರಿಗೆ ಹತ್ತು ಜಾಗಗಳಿವೆ, ಗೋಲ್‌ಕೀಪರ್‌ಗೆ ಒಂದೇ. ಮೊದಲನೆಯವನಿಗೆ ಪೆಟ್ಟಾಗದೆ ಎರಡನೆಯವನಿಗೆ ಆಟವಿಲ್ಲ, ಗೆಳೆಯನ ಗಾಯದ ಮೇಲೆ ನಿಂತ ಅವಕಾಶ ಅದು. ಆ ಕಾಯುವಿಕೆಯನ್ನು ಕುರಿತು ಒಲಿಂಪಿಯನ್ ಒಬ್ಬರ ಬಾಯಿಂದ ಕೇಳಿದ ಪುಟಗಳು ಕನ್ನಡದಲ್ಲಿ ಇರಬಹುದಿತ್ತು. ಕೇಳುವುದಕ್ಕೆ ಬೇಕಾಗಿದ್ದದ್ದು ಲೋಕಲ್ ರೈಲಿನ ಒಂದು ಟಿಕೆಟ್ ಅಷ್ಟೇ.

2024ರಲ್ಲಿ ಶ್ರೀಜೇಶ್ ನಿವೃತ್ತರಾದಾಗ ಹಿರಿಯರ ತಂಡದಲ್ಲಿ ಅವರ 16ನೆಯ ಸಂಖ್ಯೆಯ ಅಂಗಿಯನ್ನು ಇನ್ನು ಯಾರಿಗೂ ಕೊಡುವುದಿಲ್ಲವೆಂದು ಹಾಕಿ ಇಂಡಿಯಾ ಪ್ರಕಟಿಸಿತು. ಅದರ ಜೊತೆಗೇ ಕಿರಿಯರ ತಂಡದ ತರಬೇತಿಯ ಹೊಣೆಯನ್ನೂ ಅವರಿಗೆ ವಹಿಸಿದರು. ಈ ಎರಡನೆಯದು ನನಗೆ ಹೆಚ್ಚು ಸಮಾಧಾನ ಕೊಟ್ಟಿತು. ಅಂಗಿಯನ್ನು ಗೋಡೆಗೆ ತೂಗುಹಾಕುವುದು ಫಾಫ್‌ನ ದಾರಿ, ಹುಡುಗರಿಗೆ ಕಲಿಸುವುದು ಪ್ರೂದಮ್‌ನ ದಾರಿ. ಒಬ್ಬರಿಗೆ ಎರಡೂ ದೊರೆತವು. ನಾರಾಯಣರ ಕಾಲದವರಿಗೆ ಎರಡೂ ಇರಲಿಲ್ಲ.

1986ರ ಆ ಹೋಟೆಲಿನ ಹಿರಿಯರು ಆಮೇಲೆ ಬಹಳ ವರ್ಷ ಬದುಕಿದ್ದರು. ಮಾತು ಕೊಟ್ಟರೆ ಮರೆಯುವವರಲ್ಲ. ಎಂದಾದರೂ ಒಂದು ಭಾನುವಾರ “ಹೋಗೋಣವೇ?” ಎಂದು ನಾನು ಕೇಳಿದ್ದರೆ ಪಂಚೆ ಬದಲಿಸಿ ಹೊರಟುಬಿಡುತ್ತಿದ್ದರು. ನಾನು ಕೇಳಲಿಲ್ಲ. ಬೆಲ್ಜಿಯಂನ ಗೋಲ್‌ಕೀಪರನ ಮನೆಯ ಅಳಿಯಂದಿರ ಬಗ್ಗೆ ನನಗೆ ಗೊತ್ತಿದೆ, ಇದೇ ನಗರದಲ್ಲಿ ಬಾಳಿದ ಗೋಲ್‌ಕೀಪರನ ದನಿ ಹೇಗಿತ್ತೆಂದು ಗೊತ್ತಿಲ್ಲ.

ನಾರಾಯಣರ ಮಟ್ಟಿಗೆ ಕಾಲ ಮೀರಿತು. ಸಂಜೀವ ಉಚ್ಚಿಲರ ಮಟ್ಟಿಗೆ ಇನ್ನೂ ಪೂರ್ತಿ ಮೀರಿಲ್ಲ ಎಂಬ ಆಸೆ ನನ್ನದು. ಅವರೊಡನೆ ಆಡಿದವರ ಮಕ್ಕಳು, ಅವರ ಆಟ ನೋಡಿದವರ ಮೊಮ್ಮಕ್ಕಳು ಮುಂಬಯಿಯಲ್ಲೋ ಕರಾವಳಿಯಲ್ಲೋ ಇದ್ದೇ ಇರುತ್ತಾರೆ. ಯಾರದಾದರೂ ಮನೆಯ ಟ್ರಂಕಿನಲ್ಲಿ 1948ರ ಒಂದು ಫೋಟೋ, ಒಂದು ಪತ್ರ, ಕೊನೆಗೆ ಕೂಪರೇಜಿನ ಒಂದು ಹಳೆಯ ಟಿಕೆಟು ಇದ್ದೀತು. ಇದನ್ನು ಓದುವವರಲ್ಲಿ ಯಾರಿಗಾದರೂ ಆ ಮನೆ ಗೊತ್ತಿದ್ದರೆ ದಯವಿಟ್ಟು ತಿಳಿಸಿ. ಈ ಸಲ ನಾನೇ ಹೋಗಿ ಬಾಗಿಲು ತಟ್ಟುತ್ತೇನೆ.